ಖಾಲಿ ಎಂದರೆ ಎಷ್ಟು ಖಾಲಿ?

ಸಕಲೇಶಪುರದ ಕಡೆಯ ಅರೇಬಿಕಾ ತೋಟಗಳಲ್ಲಿ ಜನವರಿ ಮುಗಿಯುವ ಹೊತ್ತಿಗೆ ಕೊಯ್ಲಿನ ಗಲಾಟೆ ಇಳಿದಿರುತ್ತದೆ. ಮುಂಚೆ ಹಣ್ಣಾದದ್ದನ್ನು ಅಲ್ಲೊಂದು ಇಲ್ಲೊಂದು ಆರಿಸಿ ತೆಗೆಯುವ ಫ್ಲೈ ಪಿಕಿಂಗ್ ನವೆಂಬರಿನಲ್ಲೇ ಆಗಿಹೋಗಿದೆ, ದೊಡ್ಡ ಕೊಯ್ಲೂ ಕಳೆದಿದೆ. ಉಳಿದಿರುವುದು ಸ್ಟ್ರಿಪ್ಪಿಂಗ್. ಅಲ್ಲಿಯವರೆಗೆ ಸಾಲಿನ ಹಿಂದೆ ನಡೆಯುತ್ತ ‘ಹಣ್ಣು ಮಾತ್ರ ಕೊಯ್ಯಿ, ಹಸಿರು ಕಾಯಿ ಮುಟ್ಟಬೇಡ’ ಎಂದು ಗದರುತ್ತಿದ್ದ ಮೇಸ್ತ್ರಿಯ ಮಾತು ಒಂದೇ ದಿನದಲ್ಲಿ ತಿರುಗಿಬಿಡುತ್ತದೆ. ಹಣ್ಣಾಗಲಿ, ಅರೆಗಾಯಿಯಾಗಲಿ, ರೆಂಬೆಯಲ್ಲೇ ಒಣಗಿ ಕರಿದಾದದ್ದಾಗಲಿ, ಎಲ್ಲ ಬುಟ್ಟಿಗೆ ಬರಬೇಕು. ಗಿಡದ ಮೇಲೆ ಒಂದೂ ನಿಲ್ಲಬಾರದು. ಅದಾದ ಮೇಲೆ ಬುಡದಲ್ಲಿ ಉದುರಿದ್ದನ್ನು ತರಗೆಲೆ ಸರಿಸಿ ಹೆಕ್ಕುವ ಕೆಲಸ ಬೇರೆ.

ದುಡ್ಡಿನ ಲೆಕ್ಕ ಹಾಕಿದರೆ ಇದು ಮೂರ್ಖತನ. ಸ್ಟ್ರಿಪ್ಪಿಂಗ್‌ನಲ್ಲಿ ಸಿಗುವ ಮಾಲಿಗೆ ಎಷ್ಟೋ ವರ್ಷ ಕೂಲಿಯೂ ಹುಟ್ಟುವುದಿಲ್ಲ. ಆದರೂ ಬುದ್ಧಿವಂತ ಬೆಳೆಗಾರ ಮಾಡಿಸಿಯೇ ಮಾಡಿಸುತ್ತಾನೆ. ಕಾರಣ ಬೆರ್ರಿ ಬೋರರ್, ಅಂದರೆ ಕಾಯಿಕೊರಕ. ಭಾರತದಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ; ಅಲ್ಲಿಂದ ವಯನಾಡು, ಕೊಡಗು ದಾಟಿ ನಮ್ಮ ಕಡೆಗೂ ಬಂತು. ಎರಡು ಮಿಲಿಮೀಟರೂ ಇಲ್ಲದ ಕರಿ ದುಂಬಿ. ಹೆಣ್ಣು ಕಾಯಿಯ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು, ಒಳಗೆ ಬೀಜದಲ್ಲಿ ಮೊಟ್ಟೆಯಿಟ್ಟು ಸಂಸಾರ ಹೂಡುತ್ತದೆ. ಕೊಯ್ಲು ಮುಗಿದ ಮೇಲೆ ಗಿಡದಲ್ಲೋ ಬುಡದಲ್ಲೋ ಉಳಿದ ಕಾಯಿಯೇ ಅದರ ಬೇಸಿಗೆ ಮನೆ. ಹೂಮಳೆ ಬಿದ್ದು, ಹೂ ಕಾಯಿಯಾಗಿ, ಕಾಯೊಳಗೆ ಬೀಜ ಬಲಿಯುವ ತನಕ ಅಲ್ಲೇ ತಾಳ್ಮೆಯಿಂದ ಕಾದಿದ್ದು ಹೊಸ ಫಸಲಿಗೆ ಹಾರುತ್ತದೆ. ಹಾಗಾಗಿ ಹೊತ್ತಿಗೆ ಸರಿಯಾಗಿ ಕೊಯ್ಯಿ, ಕಾಯಿ ಉಳಿಸಬೇಡ, ಬಿದ್ದದ್ದನ್ನು ಹೆಕ್ಕು ಎಂಬುದೇ ಕಾಫಿ ಮಂಡಳಿಯ ಹಳೆಯ ಬುದ್ಧಿಮಾತು. ಔಷಧಿಯ ಮಾತು ಆಮೇಲಿನದು.

ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆದುಕೊಂಡಿದ್ದು, ಕೊಯ್ಲಿನ ಕಾಲಕ್ಕೆ ಲ್ಯಾಪ್‌ಟಾಪ್ ಸಮೇತ ಊರು ಸೇರುವ ನನ್ನಂಥವರು ಈಗ ಮಲೆನಾಡಿನ ಊರೂರಿಗೆ ಒಬ್ಬಿಬ್ಬರು ಸಿಗುತ್ತಾರೆ. ನಮ್ಮ ಕಸುಬಿನಲ್ಲೂ ಒಂದು ಸ್ಟ್ರಿಪ್ಪಿಂಗ್ ಇದೆ. ಅದರ ಹೆಸರು ‘ಕ್ಲಿಯರ್’. ಕ್ರಮವಾಗಿ ಜೋಡಿಸಿಟ್ಟ ಒಂದು ಪಟ್ಟಿಯನ್ನು ಪೂರ್ತಿ ಖಾಲಿ ಮಾಡು ಎಂಬ ಒಂದೇ ಪದದ ಆಜ್ಞೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಇದರಲ್ಲಿ ಕಲಿಯುವಂಥದ್ದೇನೂ ಕಾಣುವುದಿಲ್ಲ. ಸೇರಿಸುವುದು ಕಷ್ಟ, ಹುಡುಕುವುದು ಕಷ್ಟ, ಜೋಡಿಸುವುದು ಕಷ್ಟ. ಬಿಸಾಡುವುದರಲ್ಲಿ ಏನು ಮಹಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಶನಿವಾರ ಸಂಜೆ ನಮ್ಮ ತೋಟದ ಬಟವಾಡೆ ನಿಂತುಹೋಗುವ ತನಕ. ಆ ಕಥೆ ಆಮೇಲೆ.

ಮೊದಲು, ಜೋಡಿಸಿಡುವುದು ಏಕೆ ಎಂಬುದು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಕಾಫಿ ಕ್ಯೂರಿಂಗ್ ಕಾರ್ಖಾನೆಯ ಒಳಗೆ ಹೋಗಿದ್ದರೆ ನಿಮಗಿದು ಗೊತ್ತು. ಪಾರ್ಚ್‌ಮೆಂಟ್ ಸಿಪ್ಪೆ ಕಳಚಿದ ಬೀಜ ತೂತಿನ ಜರಡಿಗಳ ಮೇಲೆ ಕುಣಿಯುತ್ತ ಹೋಗುತ್ತದೆ. 6.65 ಮಿಲಿಮೀಟರಿನ ತೂತಿನಲ್ಲಿ ಇಳಿಯದೆ ಮೇಲೆ ನಿಂತದ್ದು ಎ, ಅದಕ್ಕಿಂತ ಸಣ್ಣವು ಬೇರೆ ಬೇರೆ ದರ್ಜೆ, ಒಂದೇ ಬೀಜವಿರುವ ದುಂಡನೆಯ ಪಿಬಿ ಬೇರೆ. ಬಂದ ಮಾಲನ್ನು ಹಾಗೇ ಗುಡ್ಡೆ ಹಾಕಿದರೆ ಖರ್ಚಿಲ್ಲ, ಆದರೆ ಬೇಕಾದದ್ದನ್ನು ತೆಗೆಯಲು ಇಡೀ ಗುಡ್ಡೆ ಕೆದಕಬೇಕು. ವಿಂಗಡಿಸಿಟ್ಟರೆ ಇಡುವಾಗ ಶ್ರಮ, ತೆಗೆಯುವಾಗ ಸುಖ. ಕಂಪ್ಯೂಟರಿನಲ್ಲೂ ಇದೇ ವ್ಯಾಪಾರ.

ಒಂದು ಲಕ್ಷ ನಮೂದುಗಳನ್ನು ಕ್ರಮವಾಗಿ ಇಟ್ಟಿದ್ದೇವೆ ಎನ್ನೋಣ. ಸುಲಭದ ದಾರಿ ಎಂದರೆ ಒಂದರ ಪಕ್ಕ ಒಂದು, ಉದ್ದ ಸಾಲಿನಲ್ಲಿ. ನಿಘಂಟಿನಲ್ಲಿ ಪದ ಹುಡುಕಿದಂತೆ ನಡುವಿಗೆ ತೆರೆದು, ಬೇಕಾದ ಅರ್ಧಕ್ಕೆ ಹೋಗಿ, ಮತ್ತೆ ಅದರ ನಡುವಿಗೆ ತೆರೆದರೆ ಹದಿನೇಳು ಹೋಲಿಕೆಯೊಳಗೆ ಯಾವ ನಮೂದಾದರೂ ಸಿಕ್ಕಿತು. ತೊಂದರೆ ಇರುವುದು ನಡುವೆ ಹೊಸದೊಂದನ್ನು ತೂರಿಸುವಾಗ: ಮುಂದಿನವೆಲ್ಲ ಒಂದೊಂದು ಹೆಜ್ಜೆ ಸರಿಯಬೇಕು. ಹಾಗಾಗಿ ಇನ್ನೊಂದು ದಾರಿ, ಮರ. ಪ್ರತಿ ನಮೂದಿನ ಎಡಗೊಂಬೆಗೆ ಅದಕ್ಕಿಂತ ಸಣ್ಣವು, ಬಲಗೊಂಬೆಗೆ ದೊಡ್ಡವು. ಒಂದೇ ಕಡೆ ವಾಲಿ ಬೆಳೆಯದಂತೆ ಈ ಮರವನ್ನು ಸಮತೋಲದಲ್ಲಿಡುವ ಉಪಾಯವನ್ನು 1962ರಲ್ಲಿ ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲಾಂಡಿಸ್ ಕೊಟ್ಟರು. 1972ರಲ್ಲಿ ರುಡಾಲ್ಫ್ ಬೇಯರ್ ಇನ್ನೊಂದು ಬಗೆ ತಂದರು. 1978ರಲ್ಲಿ ಗೀಬಾಸ್ ಮತ್ತು ಸೆಜ್‌ವಿಕ್ ಅದಕ್ಕೆ ಕೆಂಪು-ಕಪ್ಪು ಮರ ಎಂದು ಹೆಸರಿಟ್ಟರು. ಜಾವಾ ಭಾಷೆಯ ಟ್ರೀಮ್ಯಾಪ್ ಇಂದಿಗೂ ಅದೇ ಮರ.

ಈಗ ಖಾಲಿ ಮಾಡೋಣ.

ಸಾಲಿನ ಪಟ್ಟಿಯಾದರೆ ಎಲ್ಲರಿಗೂ ಮೊದಲು ಹೊಳೆಯುವುದು: ಮೊದಲಿನದನ್ನು ತೆಗೆ, ಮತ್ತೆ ಮೊದಲಿನದನ್ನು ತೆಗೆ, ಮುಗಿಯುವ ತನಕ. ಆದರೆ ಮೊದಲಿನದೊಂದು ಹೋದಾಗಲೆಲ್ಲ ಹಿಂದಿನವೆಲ್ಲ ಒಂದು ಹೆಜ್ಜೆ ಮುಂದೆ ಸರಿಯುತ್ತವೆ. ಲಕ್ಷ ನಮೂದಿದ್ದರೆ ಮೊದಲ ಸಲ 99,999 ಸರಿದಾಟ, ಎರಡನೆಯ ಸಲ 99,998. ಎಲ್ಲ ಕೂಡಿದರೆ ಸುಮಾರು 500 ಕೋಟಿ. ಅದೇ ಪಟ್ಟಿಯನ್ನು ಬಾಲದಿಂದ ತೆಗೆಯುತ್ತ ಬಂದರೆ ಸರಿದಾಟ ಸೊನ್ನೆ. ಗೋದಾಮಿನಲ್ಲಿ ಅಟ್ಟಿ ಹಾಕಿದ ಚೀಲಗಳನ್ನು ಯಾರೂ ಅಡಿಯಿಂದ ಎಳೆಯುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಆ ತಿಳಿವಳಿಕೆ ಎಲ್ಲಿಗೆ ಹೋಗುತ್ತದೋ! ನೂರಿನ್ನೂರು ನಮೂದುಗಳ ಪರೀಕ್ಷೆಯಲ್ಲಿ ಈ ತಪ್ಪು ಕಾಣುವುದೂ ಇಲ್ಲ. ಲಕ್ಷ ದಾಟಿದ ದಿನ ಪ್ರೋಗ್ರಾಂ ತೆವಳಲು ಶುರುಮಾಡಿದಾಗ ಬಯ್ಯಿಸಿಕೊಳ್ಳುವುದು ಪಾಪದ ಯಂತ್ರ.

ಎರಡನೆಯ ತಪ್ಪು ಇದಕ್ಕಿಂತ ಸ್ವಾರಸ್ಯದ್ದು. ಅಕಾರಾದಿಯಾಗಿ ಆರು ಊರು ಬರೆದುಕೊಳ್ಳಿ: ಆಲೂರು, ಕೆಂಚಮ್ಮನ ಹೊಸಕೋಟೆ, ದೋಣಿಗಾಲ್, ಬಾಳ್ಳುಪೇಟೆ, ಯಸಳೂರು, ಹಾನುಬಾಳು. ‘ಒಂದನೆಯ ಜಾಗದ್ದನ್ನು ತೆಗೆ, ಎರಡನೆಯ ಜಾಗದ್ದನ್ನು ತೆಗೆ, ಮೂರನೆಯದನ್ನು ತೆಗೆ’ ಎಂದು ಎಣಿಸುತ್ತ ಹೋಗುವ ಆಜ್ಞೆ ಬರೆದಿದ್ದೇವೆ. ಆಲೂರು ಹೋಯಿತು. ಹೋದೊಡನೆ ಕೆಂಚಮ್ಮನ ಹೊಸಕೋಟೆ ಒಂದನೆಯ ಜಾಗಕ್ಕೆ ಸರಿದು ಕೂತಿತು. ನಾವೋ ಎರಡನೆಯ ಜಾಗಕ್ಕೆ ಕೈಹಾಕಿದ್ದೇವೆ. ಅಲ್ಲಿ ಈಗ ದೋಣಿಗಾಲ್. ಅದು ಹೋದಾಗ ಬಾಳ್ಳುಪೇಟೆ ನಮ್ಮ ಬೆನ್ನ ಹಿಂದೆ ಸರಿದುಕೊಂಡಿತು. ಮುಂದೆ ಸಿಕ್ಕಿಬಿದ್ದದ್ದು ಯಸಳೂರು. ನಾಲ್ಕನೆಯ ಜಾಗ ನೋಡಿದರೆ ಅಲ್ಲಿ ಯಾರೂ ಇಲ್ಲ, ‘ಎಲ್ಲ ಖಾಲಿ’ ಎಂದು ಯಂತ್ರ ಕೈತೊಳೆದುಕೊಂಡಿತು. ಕೆಂಚಮ್ಮನ ಹೊಸಕೋಟೆ, ಬಾಳ್ಳುಪೇಟೆ, ಹಾನುಬಾಳು ಆರಾಮಾಗಿ ಕೂತಿವೆ. ಸರಿಯಾಗಿ ಅರ್ಧ ಉಳಿದಿದೆ.

ಕಾಯಿಕೊರಕಕ್ಕೆ ಇಷ್ಟವಾಗುವ ಸ್ಟ್ರಿಪ್ಪಿಂಗ್ ಇದು. ಒಂದು ರೆಂಬೆ ಬಿಟ್ಟು ಒಂದು ರೆಂಬೆ.

ಇಂಥ ಎಡವಟ್ಟು ಎಷ್ಟು ಜನ ಮಾಡಿದ್ದಾರೆಂದರೆ, 1998ರಲ್ಲಿ ಜಾವಾಗೆ ಈಗಿನ ಸಂಗ್ರಹಗಳ ವ್ಯವಸ್ಥೆ ಬಂದಾಗ ಅದರೊಳಗೇ ಒಬ್ಬ ಕಾವಲುಗಾರನನ್ನು ಕೂರಿಸಿದರು. ಪಟ್ಟಿಯಲ್ಲಿ ಒಂದು ಸಣ್ಣ ಎಣಿಕೆ ಇರುತ್ತದೆ, ಪಟ್ಟಿ ಬದಲಾದಾಗಲೆಲ್ಲ ಅದು ಒಂದು ಹೆಚ್ಚುತ್ತದೆ. ಪಟ್ಟಿಯ ಉದ್ದಕ್ಕೂ ನಡೆಯುತ್ತಿರುವವನು ಹೆಜ್ಜೆ ಎತ್ತಿಡುವ ಮುನ್ನ ತಾನು ಹೊರಡುವಾಗ ನೋಡಿದ ಎಣಿಕೆಯೇ ಈಗಲೂ ಇದೆಯೇ ಎಂದು ನೋಡುತ್ತಾನೆ. ಇಲ್ಲವೆಂದರೆ ಅಲ್ಲೇ ನಿಂತು ಬೊಬ್ಬೆ ಹಾಕುತ್ತಾನೆ. ಸುಮ್ಮನೆ ತಪ್ಪು ಲೆಕ್ಕ ಕೊಡುವುದಕ್ಕಿಂತ ಬೊಬ್ಬೆ ಎಷ್ಟೋ ಮೇಲು. ಟ್ರೀಮ್ಯಾಪ್‌ನ ಕ್ಲಿಯರ್ ಒಳಗೆ ಇರುವುದು ಮೂರೇ ಸಾಲು: ಈ ಎಣಿಕೆ ಒಂದು ಹೆಚ್ಚಿಸು, ಒಟ್ಟು ಸಂಖ್ಯೆ ಸೊನ್ನೆ ಮಾಡು, ಬೇರಿನ ಹಿಡಿತ ಬಿಟ್ಟುಬಿಡು. ಮೂರರಲ್ಲಿ ಒಂದು ಸಾಲು ಕೇವಲ ಬೇರೆಯವರಿಗೆ ಸುದ್ದಿ ಮುಟ್ಟಿಸಲು ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ.

ಬೇರಿನ ಹಿಡಿತ ಬಿಟ್ಟರೆ ಸಾಕೇ, ಲಕ್ಷ ನಮೂದುಗಳು ಎಲ್ಲಿ ಹೋದವು? ಇಲ್ಲಿ ಭಾಷೆ ಭಾಷೆಗೂ ನಡಾವಳಿ ಬೇರೆ. ಜಾವಾದಲ್ಲಿ ಹಿಂದಿನಿಂದ ಗುಡಿಸುವವನೊಬ್ಬ ಬರುತ್ತಾನೆ. ಯಾರೂ ಹಿಡಿದಿರದ ಸರಕನ್ನು ಹುಡುಕಿ ಜಾಗ ತೆರವು ಮಾಡುವ ಈ ಉಪಾಯವನ್ನು ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ 1960ರ ಸುಮಾರಿಗೆ ಕಂಡುಕೊಂಡಿದ್ದರು. ಸಿ ಪ್ಲಸ್ ಪ್ಲಸ್‌ನಲ್ಲಿ ಅಂಥ ಆಳಿಲ್ಲ. ಅಲ್ಲಿ ಕ್ಲಿಯರ್ ಎಂದರೆ ಮರದ ಒಂದೊಂದು ಕೊಂಬೆಗೂ ಹೋಗಿ ಒಂದೊಂದನ್ನೂ ಬಿಡಿಸಬೇಕು. ಲಕ್ಷವಿದ್ದರೆ ಲಕ್ಷ ಸಲ.

ಬಿಡಿಸುವ ಕ್ರಮವೂ ಮುಖ್ಯ. ನಮ್ಮಲ್ಲಿ ಮರಗಸಿ ಮಾಡುವವರನ್ನು ನೋಡಿ. ನೆರಳಿನ ಮರ ಹತ್ತಿ, ಮೇಲಿನ ರೆಂಬೆ ಕಡಿದು ಕೆಳಗೆ ಇಳಿಯುತ್ತ ಬರುತ್ತಾರೆ. ತಾವು ನಿಂತ ಕೊಂಬೆಗೆ ಕತ್ತಿ ಹಾಕುವುದಿಲ್ಲ. ಕಂಪ್ಯೂಟರಿನ ಮರಕ್ಕೂ ಅದೇ ನಿಯಮ: ಮೊದಲು ಎಡಗೊಂಬೆ, ಆಮೇಲೆ ಬಲಗೊಂಬೆ, ಎರಡೂ ಹೋದ ಮೇಲೆ ಬುಡ. ಬುಡ ಮೊದಲು ಹೋದರೆ ಕೊಂಬೆಗಳಿಗೆ ಹೋಗುವ ದಾರಿ ತಪ್ಪುತ್ತದೆ. ಅವು ಯಾರ ಕೈಗೂ ಸಿಗದೆ, ಯಾರ ಲೆಕ್ಕಕ್ಕೂ ಬಾರದೆ ಜಾಗ ಹಿಡಿದು ಕೂರುತ್ತವೆ. ಮೆಮೊರಿ ಲೀಕ್ ಎಂದು ನಾವು ಗೊಣಗುವುದರಲ್ಲಿ ಇದೂ ಒಂದು.

ಹುಡುಗರು ಇಲ್ಲಿ ಇನ್ನೊಂದು ದಾರಿ ಹಿಡಿಯುವುದುಂಟು. ಅತಿ ಸಣ್ಣದನ್ನು ಹುಡುಕು, ತೆಗೆ, ಮತ್ತೆ ಸಣ್ಣದನ್ನು ಹುಡುಕು. ಪಾಠದಲ್ಲಿ ಹೇಳಿಕೊಟ್ಟ ಪ್ರಕಾರ ಇದು ಸರಿಯೇ. ಆದರೆ ಸಮತೋಲದ ಮರದಿಂದ ಒಂದನ್ನು ತೆಗೆದಾಗ ಮರ ತನ್ನನ್ನು ತಾನೇ ನೋಡಿಕೊಳ್ಳುತ್ತದೆ: ಎಡಕ್ಕೆ ವಾಲಿತೇ, ಬಲಕ್ಕೆ ವಾಲಿತೇ, ಬಣ್ಣ ಬದಲಿಸಬೇಕೇ, ಕೊಂಬೆ ತಿರುಗಿಸಬೇಕೇ. ಇನ್ನು ಕ್ಷಣದಲ್ಲಿ ಇಲ್ಲದಂತಾಗುವ ಮರಕ್ಕೆ ಲಕ್ಷ ಸಲ ಈ ಶುಶ್ರೂಷೆ. ಕೆಡವಲಿರುವ ಮನೆಗೆ ಗೋಡೆ ಗೋಡೆಗೂ ಸುಣ್ಣ ಬಳಿದಂತೆ. ಕ್ಲಿಯರ್ ಬೇಗ ಆಗುವುದಕ್ಕೆ ಕಾರಣವೇ ಅದು ಕ್ರಮವನ್ನು ಕೈಬಿಟ್ಟದ್ದು. ಎಲ್ಲವನ್ನೂ ತೆಗೆಯುವಾಗ ಯಾವುದು ಸಣ್ಣದು, ಯಾವುದು ದೊಡ್ಡದು ಎಂಬ ಪ್ರಶ್ನೆಯೇ ಏಳದು. ಹಣ್ಣು-ಕಾಯಿ ಭೇದ ಬಿಟ್ಟ ಮೇಸ್ತ್ರಿಗೆ ಇದು ಕಂಪ್ಯೂಟರ್ ನೋಡದೆಯೇ ಗೊತ್ತಿದೆ.

ದತ್ತಾಂಶಗಳ ಉಗ್ರಾಣ ನೋಡಿಕೊಳ್ಳುವವರು ಇದನ್ನು ಎರಡು ಆಜ್ಞೆಯಾಗಿ ಒಡೆದಿದ್ದಾರೆ. ‘ಡಿಲೀಟ್’ ಎಂದರೆ ಸಾಲು ಸಾಲಾಗಿ, ಪ್ರತಿಯೊಂದನ್ನೂ ದಾಖಲಿಸಿಕೊಂಡು ತೆಗೆಯುವುದು. ಪೋಸ್ಟ್‌ಗ್ರೆಸ್‌ನಂಥ ಕಡೆ ಹೀಗೆ ತೆಗೆದ ಸಾಲುಗಳ ಹೆಣ ಅಲ್ಲೇ ಬಿದ್ದಿದ್ದು, ‘ವ್ಯಾಕ್ಯೂಮ್’ ಎಂಬ ಇನ್ನೊಂದು ಕೆಲಸ ಬಂದು ಗುಡಿಸಬೇಕು. ‘ಟ್ರಂಕೇಟ್’ ಎಂದರೆ ಒಳಗಿನದನ್ನು ನೋಡದೆ ಇಡೀ ಕೋಣೆ ಬಿಟ್ಟುಕೊಡುವುದು.

ರೆಡಿಸ್ ಎಂಬ ತಂತ್ರಾಂಶದ ಕಥೆ ಸ್ವಲ್ಪ ಹೆಚ್ಚು ಹೇಳಬೇಕು. ಇಟಲಿಯ ಸಿಸಿಲಿ ದ್ವೀಪದ ಸಾಲ್ವಟೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದದ್ದು. ಆಟದ ಅಂಕಪಟ್ಟಿಯಂಥವನ್ನು ಇಡಲು ಅದರಲ್ಲಿ ‘ಸಾರ್ಟೆಡ್ ಸೆಟ್’ ಇದೆ. ಅದರ ಒಳಗಿರುವುದು ಮರವಲ್ಲ, ವಿಲಿಯಂ ಪ್ಯೂ ಎಂಬವರು 1990ರ ಸುಮಾರಿಗೆ ಪ್ರಕಟಿಸಿದ ಸ್ಕಿಪ್ ಲಿಸ್ಟ್. ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಹಾಸನ, ಸಕಲೇಶಪುರ ಎಂದು ದೊಡ್ಡ ನಿಲ್ದಾಣಗಳನ್ನಷ್ಟೇ ಹಿಡಿಯುತ್ತದಲ್ಲ. ನಮ್ಮ ಊರು ನಡುವೆ ಇದ್ದರೆ ಹತ್ತಿರದ ನಿಲ್ದಾಣದಲ್ಲಿ ಇಳಿದು ಶಟಲ್ ಹತ್ತುತ್ತೇವೆ. ಸ್ಕಿಪ್ ಲಿಸ್ಟ್ ಅಂದರೆ ಅದೇ, ಮೇಲಿನ ಅಂತಸ್ತಿನಲ್ಲಿ ಎಕ್ಸ್‌ಪ್ರೆಸ್, ಕೆಳಗೆ ಶಟಲ್. ರೆಡಿಸ್ ಆಜ್ಞೆಗಳನ್ನು ಒಬ್ಬನೇ ಆಳು ಒಂದಾದ ಮೇಲೊಂದರಂತೆ ಮಾಡುತ್ತಾನೆ, ಅದೇ ಅದರ ವೇಗದ ಗುಟ್ಟುಗಳಲ್ಲಿ ಒಂದು. ಹತ್ತಾರು ಲಕ್ಷ ನಮೂದಿನ ಸೆಟ್ ಒಂದನ್ನು ಅಳಿಸು ಎಂದು ಯಾರೋ ಹೇಳಿದರೆ? ಆ ಒಬ್ಬನೇ ಆಳು ಒಂದೊಂದನ್ನೇ ಬಿಡಿಸುತ್ತ ಕೂರುತ್ತಾನೆ, ಹಿಂದೆ ಕಾದವರೆಲ್ಲ ನಿಂತೇ ಇರಬೇಕು. ಖಾಲಿ ಮಾಡುವ ಕೆಲಸಕ್ಕೆ ಅಂಗಡಿಯೇ ಬಂದ್! ಹಾಗಾಗಿ 2017ರ ನಾಲ್ಕನೆಯ ಆವೃತ್ತಿಯಲ್ಲಿ ‘ಅನ್‌ಲಿಂಕ್’ ಎಂಬ ಹೊಸ ಆಜ್ಞೆ ಬಂತು. ಫಲಕದಿಂದ ಹೆಸರು ಈಗಲೇ ಅಳಿಸಿಬಿಡು, ಒಳಗಿನ ಸಾಮಾನನ್ನು ಹಿತ್ತಿಲಲ್ಲಿ ಇನ್ನೊಬ್ಬ ಆಳು ನಿಧಾನಕ್ಕೆ ತೆರವು ಮಾಡುತ್ತಾನೆ ಎಂಬುದು ಅದರ ಅರ್ಥ. ಹೊರಗಿನವರಿಗೆ ಖಾಲಿ, ಒಳಗೆ ಇನ್ನೂ ತುಂಬಿದೆ.

ಅದೇ ರೆಡಿಸ್‌ನಲ್ಲಿ ಸೆಟ್‌ನ ಕೊನೆಯ ನಮೂದು ಹೋದರೆ ಸೆಟ್ಟೇ ಇರುವುದಿಲ್ಲ, ಹೆಸರು ಸಮೇತ ಮಾಯ. ಖಾಲಿ ಚೀಲ ಇಟ್ಟುಕೊಳ್ಳುವ ಪದ್ಧತಿ ಅಲ್ಲಿಲ್ಲ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನದು ಇದರ ತಿರುಗುಮುರುಗು. ಅಲ್ಲಿನ ಸಾರ್ಟೆಡ್ ಲಿಸ್ಟನ್ನು ಕ್ಲಿಯರ್ ಮಾಡಿದರೆ ಎಣಿಕೆ ಸೊನ್ನೆಯಾಗುತ್ತದೆ, ಹಿಡಿದಿಟ್ಟ ಜಾಗ ಮಾತ್ರ ಎಷ್ಟಿತ್ತೋ ಅಷ್ಟೇ ಇರುತ್ತದೆ. ಲಕ್ಷ ತುಂಬುತ್ತಿದ್ದ ಗೋದಾಮು ಲಕ್ಷಕ್ಕಾಗುವಷ್ಟೇ ಅಗಲವಾಗಿ, ಖಾಲಿಯಾಗಿ ನಿಂತಿರುತ್ತದೆ. ಜಾಗವೂ ವಾಪಸು ಬೇಕೆಂದರೆ ಅದಕ್ಕೆ ಬೇರೆ ಆಜ್ಞೆ ಕೊಡಬೇಕು. ದಡ್ಡತನ ಅನ್ನಿಸಬಹುದು. ಆದರೆ ಈ ವರ್ಷ ಲಕ್ಷ ಬಂದ ಕಡೆ ಮುಂದಿನ ವರ್ಷವೂ ಲಕ್ಷ ಬರುತ್ತದೆ ಎಂಬ ಊಹೆ ಅದರ ಹಿಂದಿದೆ. ಕೊಯ್ಲು ಮುಗಿಯಿತೆಂದು ಯಾರಾದರೂ ಕಣ ಅಗೆದು ಹಾಕುತ್ತಾರೆಯೇ?

ಇನ್ನು ಬಟವಾಡೆಯ ಕಥೆ. ಎರಡು ಕೊಯ್ಲಿನ ಹಿಂದೆ ಮನೆಯವರ ಮುಂದೆ ಬುದ್ಧಿ ತೋರಿಸುವ ಹುಮ್ಮಸ್ಸಿನಲ್ಲಿ ಒಂದು ಪ್ರೋಗ್ರಾಂ ಬರೆದೆ. ಸಂಜೆ ಕಣದಲ್ಲಿ ತೂಕ ಹಾಕಿದಾಗ ಯಾರು ಎಷ್ಟು ಕಿಲೋ ಹಣ್ಣು ತಂದರು ಎಂಬುದು ಹೆಸರಿನ ಕ್ರಮದಲ್ಲಿ ಸೇರುತ್ತ ಹೋಗುತ್ತದೆ, ಶನಿವಾರ ಒಟ್ಟು ತೆಗೆದು ಬಟವಾಡೆ. ಬಟವಾಡೆಯ ದಿನ ಈ ವಾರದ ಪಟ್ಟಿಯನ್ನು ‘ಹಿಂದಿನ ವಾರ’ ಎಂಬ ಹೆಸರಿನಲ್ಲಿ ಎತ್ತಿಟ್ಟು, ‘ಈ ವಾರ’ವನ್ನು ಕ್ಲಿಯರ್ ಮಾಡಿ, ಎತ್ತಿಟ್ಟ ಪಟ್ಟಿಯಿಂದ ಕೂಲಿ ಲೆಕ್ಕ ಹಾಕಬೇಕು. ಎತ್ತಿಟ್ಟೆ, ಕ್ಲಿಯರ್ ಮಾಡಿದೆ, ಒಟ್ಟು ಒತ್ತಿದೆ. ಸೊನ್ನೆ. ಎಲ್ಲರ ಹೆಸರೂ ಮಾಯ. ಅಂಗಳದಲ್ಲಿ ಮೂವತ್ತು ಜನ ಕೂತಿದ್ದಾರೆ.

ಆದದ್ದಿಷ್ಟು. ನಾನು ಎತ್ತಿಟ್ಟದ್ದು ಪಟ್ಟಿಯನ್ನಲ್ಲ, ಹೆಸರನ್ನು. ಒಂದೇ ಚೀಲಕ್ಕೆ ಎರಡು ಚೀಟಿ ಕಟ್ಟಿದ್ದೆ. ‘ಈ ವಾರ’ ಎಂಬ ಚೀಟಿ ಹಿಡಿದು ಚೀಲ ಕೊಡವಿದಾಗ ‘ಹಿಂದಿನ ವಾರ’ವೂ ಕೊಡವಿಹೋಯಿತು. ಬರೆದದ್ದು ಪೈಥಾನ್ ಭಾಷೆಯಲ್ಲಿ. ಆ ಭಾಷೆಯ ಪಟ್ಟಿಗೆ ಕ್ಲಿಯರ್ ಎಂಬ ಆಜ್ಞೆ ಬಂದದ್ದೇ 2012ರ 3.3 ಆವೃತ್ತಿಯಲ್ಲಿ, ಅದಕ್ಕೂ ಹಿಂದೆ ಇದೇ ಕೆಲಸಕ್ಕೆ ವಕ್ರವಾದ ಬೇರೆ ಬರವಣಿಗೆ ಇತ್ತು. ಅದು ನೆನಪಾಗದವರು ಹಳೆಯದನ್ನು ಹಾಗೇ ಬಿಟ್ಟು ಹೊಸ ಖಾಲಿ ಪಟ್ಟಿಗೆ ಆ ಹೆಸರಿಡುತ್ತಿದ್ದರು. ನಾನೂ ಹಾಗೆ ಮಾಡಿದ್ದರೆ ಆ ಸಂಜೆ ಮಾನ ಉಳಿಯುತ್ತಿತ್ತು. ಇದ್ದ ಚೀಲವನ್ನೇ ಕೊಡವುವುದು ಬೇರೆ, ಹೊಸ ಚೀಲ ತಂದಿಡುವುದು ಬೇರೆ. ಆ ಚೀಲವನ್ನು ಇನ್ನು ಯಾರು ಹಿಡಿದಿದ್ದಾರೆ ಎಂದು ನೋಡದೆ ಕೈ ಹಾಕಬಾರದು.

ಉಳಿಸಿದ್ದು ನಮ್ಮ ರೈಟರು. ಮೂವತ್ತು ವರ್ಷದಿಂದ ತೋಟದ ಲೆಕ್ಕ ಬರೆಯುತ್ತಿರುವವರು. ನನ್ನ ಪ್ರೋಗ್ರಾಂ ಬಂದ ಮೇಲೂ ಚೆಕ್‌ರೋಲ್ ಬರೆಯುವುದನ್ನು ಬಿಟ್ಟಿರಲಿಲ್ಲ. ಕಂಕುಳಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ‘ಖಾಲಿ ಮಾಡ್ದೆ ಅಂದ್ರಲ್ಲ ಗೌಡ್ರೇ, ಯಾವುದನ್ನ?’ ಎಂದರು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ಕೇಳಿದ್ದು. ಅದಕ್ಕಿಂತ ಚೆನ್ನಾಗಿ ಆ ತಪ್ಪನ್ನು ಯಾವ ಸಹೋದ್ಯೋಗಿಯೂ ಹಿಡಿಯಲಾರ.

ಯಾವುದನ್ನು ಖಾಲಿ ಮಾಡಿದೆವು ಎಂಬ ಪ್ರಶ್ನೆಯನ್ನು ಈ ಗುಡ್ಡಗಳು ನಮ್ಮೆಲ್ಲರಿಗೂ ಇನ್ನೊಂದು ರೀತಿಯಲ್ಲಿ ಕೇಳಿವೆ. ಆನೆಯ ಮಾತಿಲ್ಲದೆ ಆಲೂರು-ಸಕಲೇಶಪುರದ ಯಾವ ಬರಹವೂ ಮುಗಿಯುವುದಿಲ್ಲ. 2012ರಲ್ಲಿ ಕರ್ನಾಟಕ ಹೈಕೋರ್ಟಿನ ಆದೇಶದಂತೆ ರಚನೆಯಾದ ಆನೆ ಕಾರ್ಯಪಡೆ, ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ವರದಿ ಕೊಟ್ಟಿತು. ಆನೆಯಿರುವ ನೆಲವನ್ನು ಅದು ಮೂರಾಗಿ ವಿಂಗಡಿಸಿತು: ಆನೆಗಳನ್ನು ಕಾಪಾಡಬೇಕಾದ ವಲಯ, ಮನುಷ್ಯರೂ ಆನೆಗಳೂ ಹೊಂದಿಕೊಂಡಿರಬೇಕಾದ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ. ಆಲೂರಿನ ಕಡೆಯದು ಮೂರನೆಯ ಪಟ್ಟಿಗೆ ಬಿತ್ತು. ತುಂಡು ತುಂಡು ಕಾಡು, ಸುತ್ತ ಕಾಫಿ ತೋಟ ಮತ್ತು ಗದ್ದೆ, ಪಕ್ಕದಲ್ಲಿ ಹೇಮಾವತಿಯ ಹಿನ್ನೀರು. ಜನ ಸಾಯುತ್ತಿದ್ದರು, ಭತ್ತ ತುಳಿದುಹೋಗುತ್ತಿತ್ತು. ಹಿಡಿಯಬೇಕೆಂದು ಕೇಳಿದವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಸಂಜೆ ಏಳರ ಮೇಲೆ ಆ ರಸ್ತೆಗಳಲ್ಲಿ ಬೈಕ್ ಓಡಿಸಿದವನಿಗೆ ಆ ಬೇಡಿಕೆ ಅರ್ಥವಾಗುತ್ತದೆ. 2014ರ ಹೊತ್ತಿಗೆ ಸಾಕಾನೆಗಳ ನೆರವಿನಿಂದ ಇಪ್ಪತ್ತಕ್ಕೂ ಹೆಚ್ಚು ಕಾಡಾನೆಗಳನ್ನು ಹಿಡಿದು ಸಾಗಿಸಿದರು. ಪಟ್ಟಿ ಖಾಲಿ ಎಂದು ನಂಬಿದವರಿದ್ದರು.

ಖಾಲಿಯಾಗಿ ಉಳಿಯಲಿಲ್ಲ. ಒಂದೆರಡು ವರ್ಷದಲ್ಲಿ ಅದೇ ದಾರಿಗಳಲ್ಲಿ ಮತ್ತೆ ಹಿಂಡುಗಳು. ತೆಗೆದದ್ದು ಆನೆಗಳನ್ನು, ಜಾಗ ಹಾಗೇ ಇತ್ತು. ಹಗಲು ಅಡಗಲು ತೋಟದ ನೆರಳು, ಕುಡಿಯಲು ಹಿನ್ನೀರು, ತಿನ್ನಲು ಬಾಳೆ, ಹಲಸು, ಭತ್ತ. ಎಣಿಕೆ ಸೊನ್ನೆಯಾಗಿ ಗೋದಾಮು ಅಷ್ಟೇ ಅಗಲ ಉಳಿದ ಡಾಟ್‌ನೆಟ್ ಪಟ್ಟಿಯೇ ನನಗೆ ನೆನಪಾಗುವುದು. ಜೊತೆಗೆ ಜಾವಾದ ಇನ್ನೊಂದು ಸಂಗ್ರಹದ ಸಣ್ಣಕ್ಷರದ ಎಚ್ಚರಿಕೆಯೂ. ಹಲವರು ಏಕಕಾಲಕ್ಕೆ ಸೇರಿಸುತ್ತ, ತೆಗೆಯುತ್ತ ಇರಬಹುದಾದ ಒಂದು ಸ್ಕಿಪ್ ಲಿಸ್ಟ್ ಅದು. ಅದರ ಕ್ಲಿಯರ್ ಒಂದೇ ಏಟಿಗೆ ಆಗುತ್ತದೆಂಬ ಖಾತ್ರಿಯಿಲ್ಲ ಎಂದು ಕೈಪಿಡಿಯಲ್ಲೇ ಬರೆದಿದ್ದಾರೆ. ನೀವು ಈ ತುದಿಯಿಂದ ತೆಗೆಯುತ್ತ ಹೋಗುವಾಗ, ದಾಟಿಬಂದ ಜಾಗಕ್ಕೆ ಇನ್ನೊಬ್ಬ ಸೇರಿಸುತ್ತಿರಬಹುದು. ಆ ತುದಿ ಮುಟ್ಟಿ ‘ಮುಗಿಯಿತು’ ಅನ್ನುವಾಗ ಹಿಂದೆ ಹತ್ತು ನಮೂದು ಕೂತಿದ್ದರೆ ಅದು ಕ್ಲಿಯರ್‌ನ ತಪ್ಪಲ್ಲ. ಅದು ಇದ್ದದ್ದನ್ನು ತೆಗೆಯಬಲ್ಲದು, ಬರುವುದನ್ನು ತಡೆಯಲಾರದು. ತಡೆಯಬೇಕೆಂದರೆ ಬಾಗಿಲಿಗೆ ಬೀಗ ಹಾಕಿ ಆಮೇಲೆ ತೆಗೆಯಬೇಕು. ಕಂಪ್ಯೂಟರಿನಲ್ಲಿ ಬೀಗ ಸಿಗುತ್ತದೆ, ಬೆಟ್ಟಕ್ಕೆ ಎಲ್ಲಿಂದ ತರುವುದು?

2023ರ ಡಿಸೆಂಬರ್ 4ರಂದು, ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆದಿದ್ದಾಗ, ಮದವೇರಿದ ಸಲಗವೊಂದರ ಎದುರು ಅರ್ಜುನ ಸತ್ತ. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಆನೆ. ಅವನನ್ನು ಅಲ್ಲೇ ಕಾಡಿನಲ್ಲಿ ಮಣ್ಣು ಮಾಡಿದರು. ಆ ವಾರ ನಮ್ಮ ಕಡೆ ಕೊಯ್ಲಿನ ಸಾಲುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಈಗೀಗ ಒಂದೊಂದು ಹಿಂಡಿನ ಒಂದು ಆನೆಗೆ ರೇಡಿಯೊ ಕಾಲರ್ ತೊಡಿಸಿ, ಹಿಂಡು ಎಲ್ಲಿದೆಯೆಂದು ಊರಿನವರ ಮೊಬೈಲಿಗೆ ಸಂದೇಶ ಕಳಿಸುವುದು, ರಸ್ತೆ ಬದಿ ಎಚ್ಚರಿಕೆಯ ಫಲಕ ಬೆಳಗಿಸುವುದು ನಡೆದಿದೆ. ಪಟ್ಟಿ ಅಳಿಸುವ ಕಡೆಯಿಂದ ಪಟ್ಟಿ ಇಟ್ಟುಕೊಳ್ಳುವ ಕಡೆಗೆ ಕೆಲಸ ಸ್ವಲ್ಪ ಸರಿದಿದೆ. ಹಿಡಿಯುವುದು ನಿಂತಿಲ್ಲ, ಸಾಯುವುದೂ ನಿಂತಿಲ್ಲ.

ನನ್ನ ಪ್ರೋಗ್ರಾಂ ಈಗಲೂ ಓಡುತ್ತಿದೆ. ಕ್ಲಿಯರ್ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ಪ್ರತಿ ಶನಿವಾರ ಹೊಸ ಪಟ್ಟಿ ಹುಟ್ಟುತ್ತದೆ, ಹಳೆಯದು ತಾರೀಖಿನ ಹೆಸರಿನಲ್ಲಿ ಕೂತಿರುತ್ತದೆ. ರೈಟರು ಚೆಕ್‌ರೋಲ್ ಬರೆಯುತ್ತಲೇ ಇದ್ದಾರೆ, ನಾನೂ ಬೇಡ ಅನ್ನುವುದಿಲ್ಲ.

ಮೊನ್ನೆ ಸ್ಟ್ರಿಪ್ಪಿಂಗ್ ಮುಗಿದ ಸಂಜೆ ಮೇಸ್ತ್ರಿ ನನ್ನನ್ನು ಕೆಳಗಿನ ಪಟ್ಟೆಗೆ ಕರೆದೊಯ್ದ. ಕೆಲಸ ಚೊಕ್ಕವಾಗಿತ್ತು, ರೆಂಬೆ ಎತ್ತಿ ಎತ್ತಿ ನೋಡಿದೆ, ಒಂದು ಕಾಯಿ ಕಾಣಲಿಲ್ಲ, ಬುಡದ ತರಗೂ ಕೆದಕಿ ಹೆಕ್ಕಿದ್ದರು. ಭೇಷ್ ಅನ್ನಲು ತಿರುಗಿದರೆ ಅವನು ಬೇಲಿಯ ಆಚೆ ನೋಡುತ್ತಿದ್ದ. ಪಕ್ಕದ ತೋಟದವರಿಗೆ ಈ ವರ್ಷ ಆಳು ಸಿಕ್ಕಿಲ್ಲ. ಗಿಡಗಳ ಮೇಲೆ ಒಣಗಿದ ಕಾಯಿ ಕರಿ ಮಣಿಗಳ ಹಾಗೆ ಗೊಂಚಲು ಗೊಂಚಲಾಗಿ ನಿಂತಿತ್ತು.